ಓದು ಕಲಿಸುವ ಟೀಚರ್ ಯಾವ ಪುಸ್ತಕವನ್ನು ನಂಬಬೇಕು?

ಪ್ರಶ್ನೆ: ನಾನು ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಗೆ ಕನ್ನಡ ತೆಗೆದುಕೊಳ್ಳುತ್ತೇನೆ. ಹೋದ ಬೇಸಿಗೆ ರಜೆಯಿಂದ ಶಿಕ್ಷಣದ ಬಗ್ಗೆ, ಮನಸ್ಸು ಯೋಚಿಸುವ ಬಗೆಯ ಬಗ್ಗೆ ಪುಸ್ತಕ ಓದಲು ಶುರು ಮಾಡಿದೆ. ‘ದಿವಾಸ್ವಪ್ನ’, ‘ತೊತ್ತೊ-ಚಾನ್’ ಓದಿ ಮುಗಿಸಿದೆ. ಮಗಳು ಮೈಸೂರಿನಿಂದ ತಂದುಕೊಟ್ಟ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಅವರ ಇಂಗ್ಲಿಷ್ ಪುಸ್ತಕ ‘ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ’ ಅರ್ಧಕ್ಕೆ ಬಂದಿದೆ. ಒಂದು ಪುಸ್ತಕ ಮಕ್ಕಳನ್ನು ಅವರ ಪಾಡಿಗೆ ಬಿಡಿ ಅನ್ನುತ್ತದೆ, ಇನ್ನೊಂದು ಅಭ್ಯಾಸವಿಲ್ಲದೆ ಏನೂ ಬರುವುದಿಲ್ಲ ಅನ್ನುತ್ತದೆ. ಜೂನ್‌ನಲ್ಲಿ ಕಾಗುಣಿತ ಬರೆಸುವುದನ್ನು ನಿಲ್ಲಿಸಿ ಕಥೆ ಪುಸ್ತಕ ಕೈಗೆ ಕೊಟ್ಟೆ. ಕೆಲವರು ಚೆನ್ನಾಗಿ ಮುಂದೆ ಹೋದರು, ಎಂಟು ಮಕ್ಕಳು ಚಿತ್ರ ನೋಡಿ ಮುಚ್ಚಿಟ್ಟರು. ಒಬ್ಬ ಹುಡುಗ ಸರಾಗವಾಗಿ ಓದುತ್ತಾನೆ, ಏನು ಓದಿದೆ ಅಂದರೆ ಸುಮ್ಮನೆ ನಿಲ್ಲುತ್ತಾನೆ. ಒಬ್ಬ ಹುಡುಗಿ ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಾಳೆ, ಆದರೆ ಕಥೆ ಪೂರ್ತಿ ಹೇಳುತ್ತಾಳೆ. ಇನ್ನೊಬ್ಬ ಐದನೇ ತರಗತಿಗೆ ಬಂದರೂ ಎರಡಕ್ಷರದ ಪದ ಓದಲಾರ. ನಮ್ಮ ಹೆಡ್‌ಮಾಸ್ಟರು “ಪುಸ್ತಕದ ಬದನೆಕಾಯಿ ಸಾರಿಗೆ ಬರಲ್ಲ ಮೇಡಂ, ಅನುಭವ ಮುಖ್ಯ” ಅನ್ನುತ್ತಾರೆ. ನಾನು ಓದಿದ್ದು ದಂಡವೇ? ಯಾವುದನ್ನು ನಂಬಲಿ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಎರಡು ಚಿಂತೆ ಹೆಣೆದುಕೊಂಡಿವೆ. ಪುಸ್ತಕಗಳು ಒಂದಕ್ಕೊಂದು ಎದುರು ಮಾತಾಡಿದಾಗ ಯಾರ ಮಾತು ಹಿಡಿಯುವುದು ಎಂಬುದು ಒಂದು. ಈ ಗೊಂದಲದಲ್ಲಿ ಎಂಟು ಮಕ್ಕಳ ವರ್ಷ ಕಳೆದುಹೋದೀತೇ ಎಂಬುದು ಇನ್ನೊಂದು. ಮೈಸೂರು, ಮಂಡ್ಯ ಜಿಲ್ಲೆಗಳ ಶಾಲೆಗಳಲ್ಲಿ ಮಕ್ಕಳ ಪಕ್ಕ ಕೂತು ಅವರ ಓದು ಕೇಳುವುದೇ ಬಹುಕಾಲ ನನ್ನ ಕೆಲಸವಾಗಿತ್ತು. ಆದ್ದರಿಂದ ಮಕ್ಕಳಿಂದಲೇ ಶುರು ಮಾಡುತ್ತೇನೆ. ಪುಸ್ತಕ ದಂಡವೋ ಅಲ್ಲವೋ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ನೀವು ಬರೆದ ಮೂರು ಮಕ್ಕಳು ಮೂರು ಬೇರೆ ಬೇರೆ ತೊಂದರೆಗಳು. ಮೂವರನ್ನೂ ‘ಓದಲು ಬಾರದವರು’ ಎಂದು ಒಂದೇ ಗುಂಪಿಗೆ ಸೇರಿಸಿದರೆ ಯಾವ ಪದ್ಧತಿ ತಂದರೂ ಒಬ್ಬರಿಗೆ ಹಿಡಿಸಿ ಇಬ್ಬರಿಗೆ ಹಿಡಿಸುವುದಿಲ್ಲ. 1986ರಲ್ಲಿ ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ ಎಂಬ ಇಬ್ಬರು ವಿದ್ವಾಂಸರು ಒಂದು ಸರಳ ಲೆಕ್ಕ ಮುಂದಿಟ್ಟರು. ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಎಂದರೆ, ಅಕ್ಷರ ಬಿಡಿಸಿ ಓದುವ ಶಕ್ತಿಯನ್ನು ಮಾತು ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿಯಿಂದ ಗುಣಿಸಿದಷ್ಟು. ಕೂಡಿಸುವುದಲ್ಲ, ಗುಣಿಸುವುದು. ಒಂದು ಕಡೆ ಸೊನ್ನೆ ಇದ್ದರೆ ಇನ್ನೊಂದು ಕಡೆ ಎಷ್ಟಿದ್ದರೂ ಬರುವುದು ಸೊನ್ನೆಯೇ. ಇಷ್ಟು ತಿಳಿದಿದ್ದರೆ ನಿಮ್ಮ ಸರಾಗ ಓದಿನ ಹುಡುಗನೂ ಎಡವುವ ಹುಡುಗಿಯೂ ಎದುರುಬದುರು ತುದಿಯಲ್ಲಿ ನಿಂತಿದ್ದಾರೆ ಅನ್ನುವುದು ಕಾಣುತ್ತದೆ. ಶಿಕ್ಷಣದ ಪುಸ್ತಕಗಳಿಂದ ನನಗೆ ಸಿಕ್ಕ ದೊಡ್ಡ ಲಾಭ ಇದೇ: ಮಗುವಿನಲ್ಲಿ ಎಲ್ಲಿ ನೋಡಬೇಕು ಎನ್ನುವುದು. ನಾಳೆ ಬೆಳಿಗ್ಗೆ ಏನು ಮಾಡಬೇಕು ಎನ್ನುವುದನ್ನು ಅವು ಹೇಳುವುದು ಅಪರೂಪ.

ಹುಡುಗಿಯ ವಿಷಯ ಮೊದಲು ಹೇಳುತ್ತೇನೆ, ಏಕೆಂದರೆ ಅವಳ ತೊಂದರೆ ಎಲ್ಲರ ಕಣ್ಣು ತಪ್ಪಿಸಿಕೊಳ್ಳುತ್ತದೆ. ಅವಳು ಒತ್ತಕ್ಷರವನ್ನು ಓದುತ್ತಿಲ್ಲ, ಕಥೆಯ ಓಟದಿಂದ ಊಹಿಸುತ್ತಿದ್ದಾಳೆ. ಜಾಣೆ. ನಾಲ್ಕನೇ ತರಗತಿಯ ಕಥೆಗೆ ಊಹೆ ಸಾಕು. ಆರನೇ ತರಗತಿಯ ಸಮಾಜ, ವಿಜ್ಞಾನ ಪಾಠದಲ್ಲಿ ‘ಸಾಮ್ರಾಜ್ಯ’, ‘ವಿಸ್ತೀರ್ಣ’, ‘ದ್ಯುತಿಸಂಶ್ಲೇಷಣೆ’ ಎದುರಾದಾಗ ಊಹಿಸಲು ಏನೂ ಇರುವುದಿಲ್ಲ. “ಐದರವರೆಗೂ ಚೆನ್ನಾಗಿದ್ದಳು, ಆಮೇಲೆ ಯಾಕೋ ಹಿಂದೆ ಬಿದ್ದಳು” ಎಂದು ಹೈಸ್ಕೂಲಿನವರು ಹೇಳುವ ಮಕ್ಕಳಲ್ಲಿ ಇಂಥವರು ಬಹಳ.

ಇಲ್ಲಿ ಇಂಗ್ಲಿಷ್ ಪುಸ್ತಕಗಳು ನಮ್ಮ ಕೈಬಿಡುತ್ತವೆ. ಓದಿನ ಬಗೆಗಿನ ಸಂಶೋಧನೆಯ ಬಹುಪಾಲು ನಡೆದದ್ದು ಇಂಗ್ಲಿಷ್ ಮೇಲೆ. ಅಲ್ಲಿ ಅಕ್ಷರ 26, ಆದರೆ ಎಷ್ಟೋ ಅಕ್ಷರಗಳಿಗೆ ಹಲವು ಉಚ್ಚಾರ. ನಮ್ಮಲ್ಲಿ ಉಚ್ಚಾರದ ಗೊಂದಲ ಕಡಿಮೆ, ಕಣ್ಣಿಗೆ ಬೀಳುವ ರೂಪಗಳು ಬಹಳ. 34 ವ್ಯಂಜನಗಳನ್ನು 13 ಸ್ವರಗಳೊಡನೆ ಸೇರಿಸಿದರೇ 442 ಆಗುತ್ತದೆ, ಒತ್ತಕ್ಷರ ಇನ್ನೂ ಬಂದಿಲ್ಲ. ಕನ್ನಡ ಮಕ್ಕಳ ಆರಂಭದ ಓದಿನ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಗಳ ಮೇಲೆ ಹಿಡಿತ ಬರುವುದು ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯಲ್ಲೂ ನಡೆದೇ ಇರುತ್ತದೆ ಎಂಬುದು ಕಂಡುಬಂತು. ಆದ್ದರಿಂದ ‘ಅಕ್ಷರ ಕಲಿಸುವುದು ಮೂರನೇ ತರಗತಿವರೆಗಿನ ನಲಿ-ಕಲಿಯಲ್ಲೇ ಮುಗಿಯಿತು, ನಾಲ್ಕರಲ್ಲಿ ಇನ್ನೇನು’ ಎಂಬ ಮಾತು ತಪ್ಪು. ನಾಲ್ಕರಲ್ಲೂ ಅಕ್ಷರ ಪಾಠ ಬೇಕು. ನೀವು ಜೂನ್‌ನಲ್ಲಿ ಕಾಗುಣಿತದ ಕಾಪಿ ಬರೆಸುವುದನ್ನು ನಿಲ್ಲಿಸಿದ್ದು ಸರಿ. ಅದರ ಜೊತೆಗೆ ಅಕ್ಷರ ಪಾಠವೂ ನಿಂತುಹೋಗಿದ್ದರೆ ಅದನ್ನು ಮತ್ತೆ ಶುರು ಮಾಡಿ.

ಹೇಗೆ ಅಂದರೆ, ಅವಳು ಓದುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಎಡವಿದ ಪದಗಳನ್ನಷ್ಟೇ ಗುರುತು ಹಾಕಿ. ನಾನು ನೋಡಿದ ಮಟ್ಟಿಗೆ ತಪ್ಪುಗಳು ಎಲ್ಲ ಕಡೆ ಚೆಲ್ಲಿರುವುದಿಲ್ಲ, ಕೆಲವೇ ಜಾಗದಲ್ಲಿ ಗುಂಪಾಗಿರುತ್ತವೆ. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರದಂತೆ ಕಾಣುವುದಿಲ್ಲ, ಮಗು ಅವನ್ನು ಹೊಸದಾಗಿಯೇ ಕಲಿಯಬೇಕು. ಅರ್ಕಾವತ್ತು ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು. ಅದೂ ಎಡವುವ ಜಾಗ. ದಿನಕ್ಕೆ ಹತ್ತು ನಿಮಿಷ, ಒಂದು ವಾರಕ್ಕೆ ಒಂದೇ ಬಗೆಯ ಒತ್ತು. ಕತೆ–ಕತ್ತೆ, ಬಳಿ–ಬಳ್ಳಿ, ಹಳಿ–ಹಳ್ಳಿ ಇಂಥ ಜೋಡಿಗಳನ್ನು ಚೀಟಿಯಲ್ಲಿ ಬರೆದು ಕಲಸಿ ಓದಿಸಿ. ಊಹೆಯಿಂದ ದಾಟಲು ಆಗದ ಹಾಗೆ ಬಿಡಿ ಪದಗಳೇ ಇರಲಿ. ಆಮೇಲೆ ಅದೇ ಒತ್ತು ಹೆಚ್ಚು ಬರುವ ಒಂದು ಪುಟ್ಟ ಕಥೆ. ಇದರ ಅಪಾಯವೂ ಒಂದಿದೆ. ಹತ್ತು ನಿಮಿಷ ನಲವತ್ತು ನಿಮಿಷವಾಗಿ, ಕಥೆ ಪುಸ್ತಕ ‘ಅಕ್ಷರ ಬಂದವರಿಗೆ ಮಾತ್ರ’ ಎಂದಾಗಿಬಿಡುತ್ತದೆ. ಗಡಿಯಾರ ನೋಡಿ ನಿಲ್ಲಿಸಿ.

ಒಂದು ವಿಷಯ ಮಾತ್ರ ತಪ್ಪುಗಳ ಪಟ್ಟಿಗೆ ಸೇರಿಸಬೇಡಿ. ನಮ್ಮ ಮಂಡ್ಯದ ಕಡೆ ಹಳ್ಳಿ ಮಕ್ಕಳ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ‘ಹಕ್ಕಿ ಮರದ ಮೇಲೆ ಕೂತಿತ್ತು’ ಎಂಬುದನ್ನು ಮಗು ‘ಅಕ್ಕಿ ಮರದ ಮ್ಯಾಲೆ ಕೂತಿತ್ತು’ ಎಂದು ಓದಿ, ಬೆರಳು ಮಾಡಿ ಹಕ್ಕಿಯ ಚಿತ್ರ ತೋರಿಸಿದರೆ ಅದು ಓದಿದೆ, ಅರ್ಥವನ್ನೂ ಮಾಡಿಕೊಂಡಿದೆ. ಅಲ್ಲಿ ತಡೆದು ತಿದ್ದಿದರೆ ಮಗುವಿಗೆ ತಿಳಿಯುವುದು ತನ್ನ ಮನೆಯ ಮಾತೇ ತಪ್ಪು ಎಂದು. ಬರೆಯುವಾಗ ಹಕಾರ ಬರಬೇಕು, ಅದನ್ನು ಬರವಣಿಗೆಯ ಪಾಠದಲ್ಲಿ ನೋಡಿಕೊಳ್ಳೋಣ.

ಸರಾಗವಾಗಿ ಓದುವ ಹುಡುಗನಿಗೆ ಮೊದಲು ಒಂದು ಪರೀಕ್ಷೆ ಮಾಡಿ. ಅವನು ಓದದ ಇನ್ನೊಂದು ಕಥೆಯನ್ನು ನೀವೇ ಓದಿ ಹೇಳಿ, ಆಮೇಲೆ ಅವನಿಂದ ಹೇಳಿಸಿ. ಕೇಳಿದ್ದನ್ನು ಹೇಳಬಲ್ಲ, ಓದಿದ್ದನ್ನು ಹೇಳಲಾರ ಅಂದರೆ, ಓದು ಅಂದರೆ ತಪ್ಪಿಲ್ಲದೆ ಗಟ್ಟಿಯಾಗಿ ಸದ್ದು ಮಾಡುವುದು ಎಂದು ಅವನು ನಂಬಿದ್ದಾನೆ. ಆ ನಂಬಿಕೆ ಶಾಲೆಯಿಂದಲೇ ಬಂದಿರುತ್ತದೆ. ಕೇಳಿದ್ದನ್ನೂ ಹೇಳಲಾರ ಅಂದರೆ ಕೊರತೆ ಪದಗಳದ್ದು ಅಥವಾ ವಿಷಯದ ಪರಿಚಯದ್ದು. ಮನೆಯಲ್ಲಿ ಉರ್ದು, ತಮಿಳು, ತೆಲುಗು ಆಡುವ ಮಗುವಾದರೆ ಇದು ಸಹಜ. ಮೂರನೆಯದೂ ಉಂಟು: ಎಲ್ಲರೆದುರು ನಿಂತು ಹೇಳಲು ಹೆದರಿಕೆ. ಚಿತ್ರ ಬರೆದು ತೋರಿಸು ಅನ್ನಿ, ಗೆಳೆಯನಿಗೆ ಹೇಳು ಅನ್ನಿ, ಗೊತ್ತಾಗುತ್ತದೆ.

ವಿಷಯದ ಪರಿಚಯ ಎಷ್ಟು ಮುಖ್ಯ ಎನ್ನುವುದಕ್ಕೆ 1988ರಲ್ಲಿ ಅಮೆರಿಕದಲ್ಲಿ ಡೊನ್ನಾ ರೆಕ್ಟ್, ಲಾರೆನ್ ಲೆಸ್ಲಿ ನಡೆಸಿದ ಒಂದು ಅಧ್ಯಯನವಿದೆ. ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು 64 ಮಕ್ಕಳಿಗೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ನಿಮ್ಮ ಹುಡುಗನಿಗೆ ಆಲೆಮನೆಯ ಬಗ್ಗೆ ಒಂದು ಪುಟ ಬರೆದುಕೊಡಿ. ಗಾಣ, ಕಬ್ಬಿನ ಹಾಲು, ಕೊಪ್ಪರಿಗೆ, ಪಾಕ, ಅಚ್ಚು ಎಲ್ಲ ಇರಲಿ. ಅದನ್ನು ಓದಿ ಹೇಳಬಲ್ಲ, ಬಂದರಿನ ಪಾಠ ಹೇಳಲಾರ ಅಂದರೆ ‘ಗ್ರಹಿಕೆ ಕಡಿಮೆ’ ಎಂದು ಪ್ರಗತಿ ಪತ್ರದಲ್ಲಿ ಬರೆಯುವಂತಿಲ್ಲ. ಬಂದರನ್ನು ಅವನು ಕಂಡಿಲ್ಲ, ಅಷ್ಟೇ. ಪಾಠ ಓದಿಸುವ ಮುಂಚೆ ಹತ್ತು ನಿಮಿಷ ಆ ವಿಷಯ ಮಾತಾಡಿ, ಚಿತ್ರ ತೋರಿಸಿ. ಪರಿಸರ ಅಧ್ಯಯನವನ್ನು ಗಟ್ಟಿಯಾಗಿ ಕಲಿಸಿದರೆ ಅದು ಓದಿನ ಪಾಠವೂ ಆಗುತ್ತದೆ ಎಂಬುದನ್ನು ನಮ್ಮ ತರಬೇತಿಗಳಲ್ಲಿ ಸಾಕಷ್ಟು ಹೇಳುವುದಿಲ್ಲ ಎನ್ನುವುದು ನನಗೆ ಬೇಸರದ ವಿಷಯ.

ಈಗ ಕಾಹ್ನೆಮನ್ ಪುಸ್ತಕಕ್ಕೆ ಬರುತ್ತೇನೆ. ತರಗತಿಗೆ ದೂರದ್ದು ಎಂದು ನೀವು ಅರ್ಧಕ್ಕೆ ಬಿಟ್ಟಿರಬಹುದು. ನನ್ನ ದೃಷ್ಟಿಯಲ್ಲಿ ನಿಮ್ಮ ಮೂರರಲ್ಲಿ ಓದು ಕಲಿಸುವವರಿಗೆ ಹೆಚ್ಚು ಕೆಲಸಕ್ಕೆ ಬರುವುದು ಅದೇ. ಕಷ್ಟದ ಪ್ರಶ್ನೆ ಎದುರಾದಾಗ ಮನಸ್ಸು ನಮಗೆ ತಿಳಿಯದಂತೆ ಅದರ ಜಾಗದಲ್ಲಿ ಸುಲಭದ ಪ್ರಶ್ನೆ ಇಟ್ಟು ಅದಕ್ಕೆ ಉತ್ತರ ಕೊಡುತ್ತದೆ ಎಂದು ಅವರು ವಿವರಿಸುತ್ತಾರೆ. ‘ಈ ಮಗುವಿಗೆ ಅರ್ಥವಾಯಿತೇ?’ ಎಂಬುದು ಕಷ್ಟದ ಪ್ರಶ್ನೆ. ‘ಈ ಮಗು ತಡೆಯಿಲ್ಲದೆ ಓದಿತೇ?’ ಎಂಬುದು ಸುಲಭದ್ದು. ನಾವು ಎರಡನೆಯದಕ್ಕೆ ಉತ್ತರ ಪಡೆದು ಮೊದಲನೆಯದಕ್ಕೆ ಟಿಕ್ ಹಾಕುತ್ತೇವೆ. ಇಡೀ ತರಗತಿಗೆ “ಅರ್ಥ ಆಯ್ತಾ?” ಎಂದು ಕೇಳಿ “ಆಯ್ತು ಮಿಸ್” ಎಂಬ ಒಕ್ಕೊರಲನ್ನು ನಂಬುವುದೂ ಇದೇ.

ಅದೇ ಪುಸ್ತಕದಲ್ಲಿ ಅವರು ತಮ್ಮ ಮೌಲ್ಯಮಾಪನದ ಅನುಭವ ಬರೆದಿದ್ದಾರೆ. ಒಬ್ಬ ವಿದ್ಯಾರ್ಥಿಯ ಮೊದಲ ಉತ್ತರ ಚೆನ್ನಾಗಿದ್ದರೆ ಎರಡನೆಯದಕ್ಕೂ ಕೈ ತಾನಾಗಿ ಹೆಚ್ಚು ಅಂಕ ಕೊಡುತ್ತಿತ್ತಂತೆ. ಆಮೇಲೆ ಅವರು ಎಲ್ಲರ ಮೊದಲ ಉತ್ತರವನ್ನು ತಿದ್ದಿ ಮುಗಿಸಿ, ಅನಂತರ ಎಲ್ಲರ ಎರಡನೆಯದಕ್ಕೆ ಹೋದರು. ನಿಮ್ಮ ಮುಂದಿನ ಕಿರುಪರೀಕ್ಷೆಗೆ ಇದನ್ನು ಮಾಡಿ ನೋಡಿ. ‘ದಡ್ಡ’ ಎಂದು ಹೆಸರಾದ ಮಗುವಿನ ಒಂದು ಒಳ್ಳೆಯ ಉತ್ತರ ನಿಮ್ಮ ಕಣ್ಣಿಗೆ ಬೀಳಬಹುದು.

ಆದರೆ ಆ ಪುಸ್ತಕವನ್ನೂ ಕಣ್ಣು ಮುಚ್ಚಿ ನಂಬಬೇಡಿ. ಒಂದು ಪದ ಕಣ್ಣಿಗೆ ಬಿದ್ದಷ್ಟಕ್ಕೇ ಜನರ ನಡವಳಿಕೆ ಬದಲಾಗುತ್ತದೆ ಎನ್ನುವ ಅಧ್ಯಾಯದಲ್ಲಿ ಅವರು ನೆಚ್ಚಿದ ಕೆಲವು ಪ್ರಯೋಗಗಳು ಆಮೇಲೆ ಬೇರೆಯವರು ಮಾಡಿದಾಗ ನಿಲ್ಲಲಿಲ್ಲ. ಸಣ್ಣ ಪ್ರಯೋಗಗಳ ಮೇಲೆ ತಾನು ಅತಿಯಾಗಿ ನಂಬಿಕೆ ಇಟ್ಟೆ ಎಂದು 2017ರಲ್ಲಿ ಕಾಹ್ನೆಮನ್ ಅವರೇ ಒಪ್ಪಿಕೊಂಡರು. ನೊಬೆಲ್ ಪಡೆದವರ ಪುಸ್ತಕಕ್ಕೇ ಹೀಗಾದರೆ, ತರಬೇತಿ ಕೈಪಿಡಿಗಳನ್ನು ಇನ್ನೂ ಎಚ್ಚರದಿಂದ ಓದಬೇಕು. ‘ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಕೆಲವರು ಮಾಡಿ ಕಲಿಯುವವರು, ಆಯಾ ಮಗುವಿಗೆ ಆಯಾ ರೀತಿಯಲ್ಲೇ ಕಲಿಸಬೇಕು’ ಎಂದು ನೀವು ತರಬೇತಿಯಲ್ಲಿ ಕೇಳಿರುತ್ತೀರಿ. ಹಾಗೆ ವಿಂಗಡಿಸಿ ಕಲಿಸಿದರೆ ಲಾಭವಿದೆ ಎನ್ನುವುದಕ್ಕೆ ತಕ್ಕ ಆಧಾರವಿಲ್ಲ ಎಂದು 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಲಭ್ಯ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ ಬರೆದರು. ‘ಇವನು ನೋಡಿ ಕಲಿಯುವವನು’ ಎಂದು ಒಂದು ಮಗುವಿನ ಓದನ್ನು ಚಿತ್ರಕ್ಕೇ ನಿಲ್ಲಿಸಿದರೆ ಆಗುವ ನಷ್ಟ ಆ ಮಗುವಿನದು.

‘ದಿವಾಸ್ವಪ್ನ’ ಮತ್ತು ‘ತೊತ್ತೊ-ಚಾನ್’ ಬೇರೆ ಜಾತಿಯ ಪುಸ್ತಕಗಳು. ಗಿಜುಭಾಯಿ ಬಧೇಕಾ ಗುಜರಾತಿನಲ್ಲಿ ನಿಜವಾಗಿ ಮಕ್ಕಳಿಗೆ ಕಲಿಸಿದವರು, ಆದರೆ ‘ದಿವಾಸ್ವಪ್ನ’ ಒಬ್ಬ ಮೇಷ್ಟರು ನಾಲ್ಕನೇ ತರಗತಿಯನ್ನು ವಹಿಸಿಕೊಂಡ ಕಲ್ಪಿತ ಕಥೆ. ಜಪಾನಿನ ಹುಡುಗಿ ತೊತ್ತೊ-ಚಾನ್ ಕಲಿತ ಟೋಕಿಯೊದ ತೊಮೊಯೆ ಶಾಲೆ ನಿಜವಾಗಿ ಇತ್ತು. ರೈಲಿನ ಹಳೆಯ ಬೋಗಿಗಳಲ್ಲಿ ನಡೆಯುತ್ತಿದ್ದ, ಸುಮಾರು ಐವತ್ತು ಮಕ್ಕಳ ಖಾಸಗಿ ಶಾಲೆ. 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಈ ಎರಡು ಪುಸ್ತಕಗಳು ಮಗುವನ್ನು ಗೌರವದಿಂದ ಕಾಣುವುದನ್ನು ಕಲಿಸುತ್ತವೆ, ಬೇಸತ್ತ ದಿನ ಮತ್ತೆ ಶಾಲೆಗೆ ಹೋಗುವ ಮನಸ್ಸು ಕೊಡುತ್ತವೆ. ನಾನು ಅವನ್ನು ಪ್ರತಿಯೊಬ್ಬ ಹೊಸ ಶಿಕ್ಷಕರಿಗೂ ಓದಿ ಎನ್ನುತ್ತೇನೆ. ಒತ್ತಕ್ಷರ ಹೇಗೆ ಕಲಿಸುವುದು ಎಂಬುದನ್ನು ಅವುಗಳಲ್ಲಿ ಹುಡುಕಬಾರದು. ಕಥೆ ಪುಸ್ತಕ ಕೈಗಿಟ್ಟರೆ ಓದು ತಾನಾಗಿ ಅರಳುತ್ತದೆ ಎಂಬುದು ಮಾತು ಕಲಿಯುವುದನ್ನೂ ಓದು ಕಲಿಯುವುದನ್ನೂ ಒಂದೇ ಎಂದು ತಿಳಿದದ್ದರ ಫಲ. ಮಾತು ಮನೆಯಲ್ಲಿ ತಾನಾಗಿ ಬರುತ್ತದೆ. ಬರವಣಿಗೆಗೆ ಸುಮಾರು ಐದು ಸಾವಿರ ವರ್ಷದ ಇತಿಹಾಸವಷ್ಟೇ ಇರುವುದು. ಅದಕ್ಕೆಂದೇ ಮೆದುಳಿನಲ್ಲಿ ಹುಟ್ಟಿನಿಂದ ಮೀಸಲಿಟ್ಟ ಜಾಗವಿಲ್ಲ, ವಸ್ತು, ಮುಖ ಗುರುತಿಸುವ ಭಾಗದ ಒಂದಂಶವನ್ನೇ ಮೆದುಳು ಅಕ್ಷರಕ್ಕೆ ಒಗ್ಗಿಸಿಕೊಳ್ಳುತ್ತದೆ ಎಂದು ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ದೆಹೆನ್ ವಿವರಿಸಿದ್ದಾರೆ. ಒಗ್ಗಿಸುವುದಕ್ಕೆ ಕಲಿಸುವವರು ಬೇಕು.

ನಿಮ್ಮ ಊರಿನ ರೈತ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಿಂದ ಹೊಸ ಬತ್ತದ ತಳಿ ತರುವ ಮುಂಚೆ ಎಷ್ಟು ದಿನದ ಬೆಳೆ, ಎಂಥ ಮಣ್ಣಿಗೆ, ನಾಲೆ ನೀರು ಎಷ್ಟು ಬೇಕು ಎಂದು ಕೇಳುತ್ತಾನೆ. ಶಿಕ್ಷಣದ ಪುಸ್ತಕವನ್ನೂ ಹಾಗೆ ಕೇಳಬೇಕು. ಇದು ಯಾವ ವಯಸ್ಸಿನ ಮಕ್ಕಳ ಮೇಲೆ ಕಂಡದ್ದು, ಯಾವ ಲಿಪಿಯಲ್ಲಿ, ಒಬ್ಬ ಟೀಚರಿಗೆ ಎಷ್ಟು ಮಕ್ಕಳಿದ್ದರು? ಒಂದು ಉದಾಹರಣೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಗುಂಪಿಗೆ ಪಾಠವನ್ನು ಎರಡು ಸಲ ಓದಿಸಿದರು, ಇನ್ನೊಂದು ಗುಂಪಿಗೆ ಒಮ್ಮೆ ಓದಿಸಿ, ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದೆ: ಅವರಿಗೆ ಶೇ. 81 ನೆನಪಿತ್ತು, ಮುಚ್ಚಿ ಬರೆದವರಿಗೆ ಶೇ. 75. ವಾರದ ನಂತರ ತಿರುಗುಮುರುಗು: ಮುಚ್ಚಿ ಬರೆದವರಿಗೆ ಶೇ. 56 ನೆನಪಿತ್ತು, ಮತ್ತೆ ಓದಿದವರಿಗೆ ಶೇ. 42. ಅವರು ಕಾಲೇಜು ವಿದ್ಯಾರ್ಥಿಗಳು, ನಿಮ್ಮ ಮಕ್ಕಳಲ್ಲ. ಹಾಗಾಗಿ ಬರೆಸುವ ಬದಲು ಪುಸ್ತಕ ಮುಚ್ಚಿ ಪಕ್ಕದವರಿಗೆ ಬಾಯಲ್ಲಿ ಹೇಳಿಸಿ. ಪಾಠವನ್ನು ಮೂರು ಸಲ ಒಟ್ಟಾಗಿ ಓದಿಸುವುದಕ್ಕಿಂತ ಇದು ಹೆಚ್ಚು ನಿಲ್ಲುತ್ತದೆ ಎಂಬುದನ್ನು ನಾನು ಶಾಲೆಗಳಲ್ಲಿ ಕಂಡಿದ್ದೇನೆ.

ಹೊರಗಿನ ವಿಚಾರವನ್ನು ನಮ್ಮ ನೆಲಕ್ಕೆ ಒಗ್ಗಿಸಿದ ಕೆಲಸ ನಿಮ್ಮ ಪಕ್ಕದ ಜಿಲ್ಲೆಯಲ್ಲೇ ಆಗಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಕಾರ್ಡ್ ಪದ್ಧತಿ ನೋಡಿ ಬಂದರು. ತಮ್ಮ ಮಕ್ಕಳಿಗೆ ಹೊಂದುವ ಹಾಗೆ ಕನ್ನಡದ ಕಾರ್ಡುಗಳನ್ನು ತಾವೇ ಕಟ್ಟಿದರು. ಅದೇ ಮುಂದೆ ರಾಜ್ಯವೆಲ್ಲ ಹಬ್ಬಿದ ನಲಿ-ಕಲಿ.

ನಿಮ್ಮ ಹೆಡ್‌ಮಾಸ್ಟರ ಮಾತಿನಲ್ಲಿ ಸತ್ಯವಿದೆ, ಅದು ಅರ್ಧ ಮಾತ್ರ. ಅನುಭವ ಯಾವಾಗ ನಂಬಿಕೆಗೆ ಅರ್ಹ ಎಂಬುದರ ಬಗ್ಗೆ ಕಾಹ್ನೆಮನ್ ಮತ್ತು ಗ್ಯಾರಿ ಕ್ಲೈನ್ 2009ರಲ್ಲಿ ಜೊತೆಯಾಗಿ ಒಂದು ಲೇಖನ ಬರೆದರು. ಅಲ್ಲಿಯವರೆಗೆ ಇಬ್ಬರದೂ ಎದುರು ಬಣ: ಕ್ಲೈನ್ ಅನುಭವಿಗಳ ಒಳಅರಿವನ್ನು ನೆಚ್ಚುವವರು, ಕಾಹ್ನೆಮನ್ ಅದನ್ನು ಅನುಮಾನಿಸುವವರು. ಇಬ್ಬರೂ ಒಪ್ಪಿಕೊಂಡದ್ದರಲ್ಲಿ ನಮಗೆ ಬೇಕಾದದ್ದು ಇಷ್ಟು: ಮಾಡಿದ ಕೆಲಸದ ಫಲ ಬೇಗ, ಸ್ಪಷ್ಟವಾಗಿ ಕಾಣುವ ಕಡೆ ಅನುಭವ ಕಲಿಸುತ್ತದೆ, ಇಲ್ಲದ ಕಡೆ ಆತ್ಮವಿಶ್ವಾಸವನ್ನಷ್ಟೇ ಬೆಳೆಸುತ್ತದೆ. ಓದು ಕಲಿಸುವ ಕೆಲಸದಲ್ಲಿ ಫಲ ತಡವಾಗಿ ಕಾಣುತ್ತದೆ. ನಾಲ್ಕರಲ್ಲಿ ತಪ್ಪಿದ್ದು ಎಂಟರಲ್ಲಿ, ಬೇರೆ ಶಾಲೆಯಲ್ಲಿ, ಬೇರೆಯವರಿಗೆ ಗೊತ್ತಾಗುತ್ತದೆ. ಆದ್ದರಿಂದ ಫಲವನ್ನು ಹತ್ತಿರ ತಂದುಕೊಳ್ಳಬೇಕು. ದಿನಕ್ಕೆ ಇಬ್ಬರು ಮಕ್ಕಳ ಓದನ್ನು ಒಬ್ಬೊಬ್ಬರಾಗಿ ಮೂರು ನಿಮಿಷ ಕೇಳಿ, ದಿನಾಂಕ ಹಾಕಿ ಒಂದು ಸಾಲು ಬರೆದಿಡಿ. ಹಾಗೆ ಮಾಡಿದಾಗ ನಿಮ್ಮ ವರ್ಷಗಳು ಅನುಭವವಾಗುತ್ತವೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಆ ಹೊತ್ತು ಉಳಿದ ಮಕ್ಕಳಿಗೆ ಕೆಲಸ ಕೊಡಬೇಕು, ಪಾಠಯೋಜನೆ ಸ್ವಲ್ಪ ಹಿಂದೆ ಬೀಳಬಹುದು, ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಬಂದಾಗ ವಿವರಿಸಬೇಕಾದೀತು. ಆ ಬರೆದಿಟ್ಟ ಹಾಳೆಗಳನ್ನೇ ತೋರಿಸಿ.

ಮುಂದೆ ಏನು ಓದಲಿ ಎಂಬುದಕ್ಕೆ: ಹೊಸದಕ್ಕೆ ಹೋಗುವ ಮುಂಚೆ ಕಾಹ್ನೆಮನ್ ಮುಗಿಸಿ. ಬಳಿಕ ಡೇನಿಯಲ್ ವಿಲ್ಲಿಂಗ್‌ಹ್ಯಾಮ್ 2009ರಲ್ಲಿ, ಮಕ್ಕಳಿಗೆ ಶಾಲೆ ಯಾಕೆ ಹಿಡಿಸುವುದಿಲ್ಲ ಎಂಬ ಪ್ರಶ್ನೆ ಇಟ್ಟುಕೊಂಡು ಬರೆದ ಪುಸ್ತಕ. ಯಾವುದರ ಬಗ್ಗೆ ಯೋಚಿಸಿದೆವೋ ಅದೇ ನೆನಪಿನಲ್ಲಿ ಉಳಿಯುತ್ತದೆ ಎನ್ನುವ ಅದರ ಒಂದು ಮಾತು ನಿಮ್ಮ ಚಟುವಟಿಕೆಗಳನ್ನೆಲ್ಲ ಮರುಪರಿಶೀಲಿಸುವಂತೆ ಮಾಡುತ್ತದೆ. ಒಬ್ಬರೇ ಓದಬೇಡಿ. ಸುತ್ತಲ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯ ದಿನ ಮೂರು ನಾಲ್ಕು ಜನ ಸೇರಿ ಒಂದು ಅಧ್ಯಾಯ ಓದಿ, ಪ್ರತಿಯೊಬ್ಬರೂ ಒಂದು ಮಗುವಿನ ಓದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ತನ್ನಿ, ಮಗುವಿನ ಹೆಸರು ಹೇಳದೆ. ಪುಸ್ತಕದ ಚರ್ಚೆ ಮಾತ್ರ ನಡೆದರೆ ಅದು ಎರಡನೇ ತಿಂಗಳಿಗೆ ನಿಂತುಹೋಗುತ್ತದೆ. ಮಕ್ಕಳಿಗೆ ಕಥೆ ಪುಸ್ತಕ ಸಾಲದಿದ್ದರೆ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಮಕ್ಕಳಿಗೆ ಸದಸ್ಯತ್ವ ಉಚಿತ.

ಎರಡಕ್ಷರದ ಪದ ಓದಲಾರದ ಐದನೇ ತರಗತಿಯ ಹುಡುಗನ ವಿಷಯ ಮಾತ್ರ ಸಭೆಗೂ ಪುಸ್ತಕಕ್ಕೂ ಕಾಯಬಾರದು. ಅಕ್ಷರಗಳನ್ನು ಕ್ರಮ ತಪ್ಪಿಸಿ ಒಂದು ಹಾಳೆಯಲ್ಲಿ ಬರೆದು ತೋರಿಸಿ ಕೇಳಿ. ಕಾಗುಣಿತವನ್ನು ಹಾಡಿನಂತೆ ಒಪ್ಪಿಸುವ ಎಷ್ಟೋ ಮಕ್ಕಳಿಗೆ ಬಿಡಿಯಾಗಿ ತೋರಿಸಿದ ಅಕ್ಷರ ಗೊತ್ತಿರುವುದಿಲ್ಲ. ಹಿಂದಿನ ವರ್ಷಗಳ ಹಾಜರಾತಿ ನೋಡಿ. ಕಣ್ಣು, ಕಿವಿಯ ತಪಾಸಣೆ ಮೊದಲು ಆಗಲಿ, ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ಹೇಳಿ. ಅದರಲ್ಲಿ ಏನೂ ಕಾಣದೆ, ಎರಡು ಮೂರು ತಿಂಗಳು ದಿನಾ ಹತ್ತು ನಿಮಿಷ ಒಬ್ಬನಿಗೇ ಕಲಿಸಿದರೂ ಮುಂದೆ ಹೋಗದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯಲು ತಂದೆತಾಯಿಗೆ ಹೇಳಿ. ಮಾತು, ಕಿವಿಯ ಜೊತೆಗೆ ಭಾಷೆ ಮತ್ತು ಓದಿನ ತೊಂದರೆಯನ್ನೂ ಅಲ್ಲಿ ಪರೀಕ್ಷಿಸುತ್ತಾರೆ. ‘ನಿಮ್ಮ ಮಗನಿಗೆ ಇಂಥ ಕಾಯಿಲೆ’ ಎಂದು ನೀವು ಹೆಸರಿಡಬೇಡಿ, ಆ ಹೆಸರು ಊರೆಲ್ಲ ಹಬ್ಬಿ ಹುಡುಗನ ಬೆನ್ನು ಹತ್ತುತ್ತದೆ. ‘ದೊಡ್ಡವನಾದ ಮೇಲೆ ಸರಿಹೋಗ್ತಾನೆ’ ಎಂಬ ಮಾತಿಗೂ ಒಪ್ಪಬೇಡಿ, ಆರನೇ ತರಗತಿಗೆ ಹೋದ ಮೇಲೆ ಅವನಿಗೆ ಅಕ್ಷರ ಕಲಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಈ ವಾರವೇ ಅವನ ತಾಯಿಯನ್ನು ಕರೆಸಿ ಮಾತಾಡಿ, ಹೆಡ್‌ಮಾಸ್ಟರನ್ನೂ ಜೊತೆಗೆ ಕೂರಿಸಿಕೊಳ್ಳಿ.